ಮಗ್ಗಲು ಬದಲಿಸುವ ಹೊತ್ತು

ನಮ್ಮ ಕೇರಿಯಲ್ಲಿ ಮೊದಲ ಡಿಶ್ ಕೂತದ್ದು ನಮ್ಮ ಮನೆಯ ಮಾಡಿನ ಮೇಲೆ. ಹಾಗಂತ ನಾವೇನೋ ಅನುಕೂಲಸ್ಥರು ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮಣ್ಣ ಅಡಿಕೆ ಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದಕ್ಕೆ ಬಂದ ಡಿಶ್ ಅದು.

ಅಣ್ಣ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಸಿದ್ದಾಪುರ ತಾಲೂಕಿನ ಬಿಳಗಿ ಹತ್ತಿರದ ನಮ್ಮ ಕೇರಿಯಲ್ಲಿ ಎಲ್ಲರದೂ ಗದ್ದೆ ಕೆಲಸ, ಮರದ ಕೆಲಸ ಬಲ್ಲವನು ಅವನೊಬ್ಬನೇ. ಒಂದು ಮರ ಹತ್ತಿದನೆಂದರೆ ಮತ್ತೆ ನೆಲಕ್ಕೆ ಇಳಿಯುತ್ತಿರಲಿಲ್ಲ. ತುದಿಗೆ ಕೊಕ್ಕೆಯಿರುವ ಉದ್ದನೆಯ ದೋಟಿಯಲ್ಲಿ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತ ದಾಟುತ್ತ ಇಡೀ ಸಾಲು ಮುಗಿಸುತ್ತಿದ್ದ. ಕೊಯ್ಲಿನ ದಿನಗಳಲ್ಲಿ ಶಿರಸಿ ದಾಟಿ ಯಲ್ಲಾಪುರದ ಕಡೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ಕೆಳಗೆ ನಿಂತು ಹಗ್ಗ ಹಿಡಿದು, ಜಾರಿ ಬರುವ ಕೊನೆಗಳನ್ನು ಇಳಿಸಿಕೊಳ್ಳಲು ನಮ್ಮ ಮೇಲಿನ ಮನೆಯವನೊಬ್ಬ ಯಾವಾಗಲೂ ಜೊತೆಗಿರುತ್ತಿದ್ದ. ಅವನನ್ನು ನಾವೆಲ್ಲ ಜತೆಗಾರ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಬಿದ್ದದ್ದು ಉಮ್ಮಚಗಿ ಕಡೆಯ ಒಂದು ತೋಟದಲ್ಲಿ. ಶಿರಸಿಗೆ ತಂದರು, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ಬೆನ್ನುಹುರಿ ಹೋಗಿದೆ, ಇನ್ನು ಏಳುವುದಿಲ್ಲ ಎಂದರು. ಮನೆಗೆ ಕಳಿಸುವಾಗ ಡಾಕ್ಟರು ಅತ್ತಿಗೆಯನ್ನೂ ನನ್ನನ್ನೂ ಎದುರು ಕೂರಿಸಿಕೊಂಡು ಒಂದೇ ಮಾತು ಹೇಳಿದರು. ಇವರಿಗೆ ಸೊಂಟದ ಕೆಳಗೆ ನೋವು ಗೊತ್ತಾಗುವುದಿಲ್ಲ, ಒಂದೇ ಮಗ್ಗಲಿಗೆ ಬಿಟ್ಟರೆ ಚರ್ಮ ಕೊಳೆಯುತ್ತದೆ, ತಾಸೆರಡು ತಾಸಿಗೊಮ್ಮೆ ಹೊರಳಿಸುತ್ತಲೇ ಇರಬೇಕು, ಇವರನ್ನು ಉಳಿಸುವುದು ಅದೊಂದೇ. ಅತ್ತಿಗೆ ತಲೆಯಾಡಿಸಿದಳು. ಅವಳು ಕಡ್ಡಿಯಂಥ ಹೆಂಗಸು. ಅಣ್ಣ ಮರದಲ್ಲೇ ಬೆಳೆದ ಆಳು, ತೋಳು ಎದೆ ಎಲ್ಲ ಗಟ್ಟಿ, ಕಾಲು ಸತ್ತ ಮೇಲಂತೂ ಇನ್ನಷ್ಟು ಭಾರವಾಗಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿದ್ದದ್ದು ಅವರಿಬ್ಬರು ಮತ್ತು ಮದುವೆಯಾಗದೆ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರಾಗಿದ್ದ ನಾನು.

ಮಳೆಗಾಲ ಹಿಡಿಯುವ ಮುಂಚೆ, ಅಣ್ಣ ಬಿದ್ದ ತೋಟದ ಒಡೆಯರು ಹೆಂಡತಿಯನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಹಿಂದುಗಡೆ ಟೀವಿಯ ಪೆಟ್ಟಿಗೆ, ಡಿಶ್ಶಿನ ಪೆಟ್ಟಿಗೆ. ಒಳಗೆ ಬಂದು ಅಣ್ಣನ ಮಂಚದ ಹತ್ತಿರ ನಿಂತವರು ಅವನ ಕಾಲ ಮೇಲಿನ ಹೊದಿಕೆ ಸರಿಪಡಿಸಿದರು. ಕೊನೆಗೆ ಹೆಂಡತಿಯ ಕಡೆ ತಿರುಗಿ, "ಯಾವಾಗ್ಲೂ ಮನಿಕ್ಯಂಡೇ ಇದ್ರೆ ಅವಂಗೆ ಹೊತ್ತು ಹೋಗ್ತಿಲ್ಲೆ" ಎಂದರು. ಆಮೇಲೆ ಅಣ್ಣನಿಗೆ, "ಹೊತ್ತು ಹೋಗ್ಲಿ ಅಂತ ತಂದೆ ಮಾರಾಯಾ. ಬೇಡ ಅನ್ಬೇಡ" ಎಂದರು.

"ಬೇಡ ಅಂದ್ರೆ ನಾನೇ ಎದ್ದು ವಾಪಸ್ ಕೊಟ್ಟು ಬರೂಕಾಗ್ತದಾ ಒಡೆಯಾ?" ಎಂದ ಅಣ್ಣ. ಒಡೆಯರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣ ನಗುತ್ತಿದ್ದ.

ಅಲ್ಲಿಯವರೆಗೆ ನಮ್ಮ ಕೇರಿಗೆ ಟೀವಿ ಎಂದರೆ ಜತೆಗಾರನ ಮನೆಯ ಬಿದಿರಿನ ಗಳದ ತುದಿಯಲ್ಲಿದ್ದ ಅಂಟೆನಾ, ಅದರಲ್ಲಿ ಗಾಳಿ ಬಂದಾಗೊಮ್ಮೆ ಮಾಯವಾಗುವ ಸರ್ಕಾರಿ ಚಾನೆಲ್ಲು ಅಷ್ಟೇ. ಸಿದ್ದಾಪುರ ಪೇಟೆಯಲ್ಲಿ ಕೇಬಲ್ ಬಂದು ಎಷ್ಟೋ ಕಾಲವಾಗಿತ್ತು. ಆ ತಂತಿ ಗುಡ್ಡ ಹತ್ತಿ ನಮ್ಮಲ್ಲಿಗೆ ಬರಲೇ ಇಲ್ಲ. ಗುಡ್ಡವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ನೆಟ್ಟಗೆ ಆಕಾಶದಿಂದ ಇಳಿದದ್ದು ಈ ಡಿಶ್ಶೇ. ಅತ್ತಿಗೆ ಅದಕ್ಕೆ ಮೊದಲ ದಿನವೇ ಬೋಗುಣಿ ಎಂದು ಹೆಸರಿಟ್ಟಳು.

ಅದನ್ನು ಕೂರಿಸಿದ ದಿನ ಮನೆಯಲ್ಲಿ ಮದುವೆ ಮನೆಯ ಗದ್ದಲ. ಫಿಟ್ಟಿಂಗಿನವನು ಮಾಡಿನ ಮೇಲೆ, ಅತ್ತಿಗೆ ಅಂಗಳದಲ್ಲಿ, ನಾನು ಬಾಗಿಲಲ್ಲಿ, ಅಣ್ಣ ಮಂಚದಿಂದ ಟೀವಿಯ ಪರದೆ ನೋಡುತ್ತ. ಮೇಲಿನಿಂದ "ಬಂತಾ?" ಎಂಬ ಕೂಗು. ಅತ್ತಿಗೆ "ಬಂತಾ?" ಎಂದು ನನಗೆ, ನಾನು ಅಣ್ಣನಿಗೆ. ಅಣ್ಣನ "ಇಲ್ಲ" ಅದೇ ದಾರಿಯಲ್ಲಿ ವಾಪಸ್ಸು. ಹಲಸಿನ ಮರದ ಒಂದು ಕೊಂಬೆ ಅಡ್ಡ ಬರುತ್ತದೆ, ಕಡಿಯಬೇಕು ಎಂದ ಫಿಟ್ಟಿಂಗಿನವನು. ಅಣ್ಣ ಮಲಗಿದಲ್ಲಿಂದಲೇ, "ಕೊಂಬೆ ಬೇಡ, ನೀನೇ ಎರಡು ಮೊಳ ಬಲಕ್ಕೆ ಸರಿ" ಎಂದು ಕೂಗಿದ. ಸರಿದ, ಚಿತ್ರ ಬಂತು. ಅವತ್ತಿಡೀ ಅಣ್ಣನ ಮುಖದಲ್ಲಿ ಹಳೆಯ ಕಳೆ ಇತ್ತು.

ಚಹಾ ಕುಡಿಯುವಾಗ ಅವನು ಫಿಟ್ಟಿಂಗಿನವನನ್ನು ಕೇಳಿದ, "ಅಲ್ಲಾ, ಉಪಗ್ರಹ ಅಷ್ಟು ಎತ್ತರದಲ್ಲಿ ಅದೆ ಅಂತೀಯ. ಬೀಳೂದಿಲ್ವನಾ?"

"ಅದು ತಿರುಗ್ತಾ ಇರ್ತದೆ. ನಿಂತ್ರೆ ಬೀಳ್ತದೆ."

"ನಂದೂ ಅದೇ ಕತೆ ಮಾರಾಯಾ. ಆ ಮರದಲ್ಲಿ ಸ್ವಲ್ಪ ಹೆಚ್ಚಿಗೆ ಹೊತ್ತು ನಿಂತುಬಿಟ್ಟೆ" ಎಂದ ಅಣ್ಣ.

ಅವತ್ತಿನ ಸಂಜೆಯಿಂದ ಕೇರಿಗೆ ಕೇರಿಯೇ ನಮ್ಮ ಜಗಲಿಯಲ್ಲಿ. ಮಂಚವನ್ನು ಜಗಲಿಗೇ ತಂದಿದ್ದೆವು. ಧಾರಾವಾಹಿಗೆ ಹೆಂಗಸರು, ಕ್ರಿಕೆಟ್ಟಿಗೆ ಗಂಡಸರು, ಮಳೆಯಿಂದ ಕೆಲಸ ನಿಂತ ದಿನ ಬೆಳಗಿನಿಂದಲೇ ಎಲ್ಲರೂ. ರಿಮೋಟು ಅಣ್ಣನ ಎದೆಯ ಮೇಲೆ. ಯಾವುದನ್ನು ಹಾಕಬೇಕೆಂಬ ಜಗಳವನ್ನು ತೀರಿಸುವವನೂ ಅವನೇ. ಮರದ ಮೇಲಿದ್ದಾಗಲೂ ಅವನಿಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಪ್ರಾಣಿ, ಕಾಡು, ದೇಶಾಂತರ ತೋರಿಸುವ ಚಾನೆಲ್ಲು ಅವನ ಪ್ರೀತಿಯದು. ಎಲ್ಲಿಯದೋ ದ್ವೀಪದಲ್ಲಿ ಒಬ್ಬ ತೆಂಗಿನ ಮರ ಹತ್ತಿದರೆ ಇಲ್ಲಿಂದ ಇವನ ಟೀಕೆ ಶುರು. "ಕಾಲು ಅಗಲ ಆಯ್ತು ಅವಂದು. ನೋಡ್ತಾ ಇರ್ರೋ, ಜಾರ್ತಾನೆ."

ಹೊರಳಿಸುವ ಪದ್ಧತಿಯನ್ನು ಶುರು ಮಾಡಿದವನು ಜತೆಗಾರ. ಒಂದು ಸಂಜೆ ಅತ್ತಿಗೆ ಒಬ್ಬಳೇ ಅಣ್ಣನ ಬೆನ್ನಿನಡಿ ಕೈ ಹಾಕಿ ಏದುಸಿರು ಬಿಡುವುದನ್ನು ನೋಡಿ ಅವನು ಎದ್ದ. ಆಟದ ನಡುವೆ ಜಾಹೀರಾತು ಬಂದಿತ್ತು. "ಹೆಂಗೂ ಈಗ ಸಾಬೂನು ತೋರಿಸ್ತಾರೆ, ಏಳ್ರೋ" ಎಂದು ಇನ್ನಿಬ್ಬರನ್ನು ಎಬ್ಬಿಸಿದ. ಅಡಿಯಲ್ಲಿ ಹಾಸಿದ ಕಂಬಳಿಯ ಅಂಚು ಹಿಡಿದು ಮೂವರೂ ಒಮ್ಮೆಗೇ ಎಳೆದರು. ಅಣ್ಣ ಸಲೀಸಾಗಿ ಹೊರಳಿದ. ಅಂದಿನಿಂದ ಅದೇ ನಿಯಮವಾಯಿತು. ಜಾಹೀರಾತು ಬಂದರೆ ಯಾರಾದರೂ ಏಳುವುದು, ಹೊರಳಿಸುವುದು, ಕೂರುವುದು. ಯಾರೂ ಅದನ್ನು ಉಪಕಾರ ಎಂದುಕೊಳ್ಳಲಿಲ್ಲ. ಅಣ್ಣನಿಗೂ ಅದು ರೋಗಿಯ ಸೇವೆ ಅನಿಸಲಿಲ್ಲ. "ಸಾಬೂನು ಬಂದ್ರೆ ಎಡಕ್ಕೆ, ಸೀರೆ ಬಂದ್ರೆ ಬಲಕ್ಕೆ" ಎಂದು ಅವನೇ ಕಾನೂನು ಮಾಡಿದ್ದ. ರಾತ್ರಿ ಮತ್ತು ಮುಂಜಾನೆ ಅತ್ತಿಗೆ, ನಾನು ಇಬ್ಬರೂ ಸೇರಿ ಮಾಡುತ್ತಿದ್ದೆವು. ಹಗಲು ಸಂಜೆ ಜಗಲಿಯವರು. ಹುಬ್ಬಳ್ಳಿಯ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿದಾಗ ಬೆನ್ನು ಕಂಡು, "ಚೆನ್ನಾಗಿ ನೋಡ್ಕೊಂಡಿದ್ದೀರಿ ಬಿಡ್ರಿ" ಎಂದರು. ನಾವು ಡಿಶ್ಶಿಗೆ ಮನಸ್ಸಿನಲ್ಲೇ ಕೈ ಮುಗಿದೆವು.

ಇದನ್ನು ಕೆಡಿಸಿದ್ದು ಅಣ್ಣನ ದೊಡ್ಡಸ್ತಿಕೆ. ಕೇರಿಯಲ್ಲಿ ಯಾರಿಗೆ ಡಿಶ್ ಬೇಕೆನಿಸಿದರೂ ಮೊದಲು ಅವನನ್ನು ಕೇಳುವುದಾಯಿತು. ಯಾವುದು ತರುವುದು, ಎಲ್ಲಿ ಕೂರಿಸುವುದು, ಯಾವ ಮನೆಯ ಯಾವ ಮೂಲೆಯಿಂದ ಆಕಾಶ ತೆರೆದಿದೆ. ಮರದ ತುದಿಯಿಂದ ವರ್ಷಾನುಗಟ್ಟಲೆ ಕೇರಿಯನ್ನು ನೋಡಿದವನಿಗೆ ಅದೆಲ್ಲ ಬಾಯಿಪಾಠ. "ನಿಮ್ಮನೆದು ಕೊಟ್ಟಿಗೆ ಮಾಡಿಗೆ ಹಾಕ್ಸು, ಅಂಗಳದಲ್ಲಿ ಬ್ಯಾಡ, ಮಾವಿನ ಮರ ಅಡ್ಡ ಬತ್ತದೆ" ಎಂದು ಹೇಳುವಾಗ ಅವನ ಧ್ವನಿಯೇ ಬೇರೆ. ಕೇಳದವರಿಗೂ ಹೇಳತೊಡಗಿದ. "ಎಷ್ಟು ದಿವಸ ಅಂತ ಇಲ್ಲಿ ಬಂದು ಕೂತ್ಕೋತೀಯ? ನೀನೂ ಒಂದು ಹಾಕ್ಸು ಮಾರಾಯಾ."

ಅತ್ತಿಗೆ ಒಂದು ದಿನ ಒಲೆಯ ಮುಂದಿನಿಂದಲೇ ಕೇಳಿದಳು. "ಎಲ್ಲರ ಮನೇಲೂ ಬೋಗುಣಿ ಬಂದ್ರೆ ನಮ್ಮನೆಗೆ ಯಾರು ಬತ್ತಾರೆ?"

"ಬರೂದಿಲ್ಲಾಂದ್ರೆ? ಇವ್ರೆಲ್ಲ ಟೀವಿ ನೋಡೂಕೆ ಬತ್ತಾರೆ ಅಂತ ಮಾಡೀಯ? ನನ್ನ ನೋಡೂಕೆ ಬರೂದು" ಎಂದ ಅಣ್ಣ. ಅವನು ಅದನ್ನು ನಿಜವಾಗಿಯೂ ನಂಬಿದ್ದ. ನಾನೂ ನಂಬಿದ್ದೆ. ನಂಬದವಳು ಅವಳೊಬ್ಬಳೇ.

ಆ ಹೊತ್ತಿಗೆ ನನಗೆ ನಂದೊಳ್ಳಿ ಕಡೆಯ ಶಾಲೆಗೆ ವರ್ಗವಾಯಿತು. ದಿನಾ ಓಡಾಡುವ ದೂರವಲ್ಲ, ಅಲ್ಲೇ ಒಂದು ಕೋಣೆ ಹಿಡಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂದು ಬಸ್ಸು ಬದಲಿಸುತ್ತ ಮನೆ ಸೇರುವುದು, ಸೋಮವಾರ ನಸುಕಿಗೆ ಹೊರಡುವುದು. ಆ ಬಸ್ಸಿನ ಕಿಟಕಿಯಿಂದ ನಾನು ಡಿಶ್ಶುಗಳು ಹಬ್ಬುವುದನ್ನು ನೋಡಿದೆ. ಮೊದಲು ರಸ್ತೆ ಬದಿಯ ಅಂಗಡಿ, ಆರ್‌ಸಿಸಿ ಮನೆಗಳ ಮೇಲೆ. ಆಮೇಲೆ ಹೆಂಚಿನ ಮನೆ, ತಗಡಿನ ಮನೆ. ಆಮೇಲೆ ಸೋಗೆ ಹೊದಿಸಿದ ಗುಡಿಸಲಿನ ಪಕ್ಕದ ಗೂಟಕ್ಕೂ ಒಂದು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡು, ಒಂದನ್ನೊಂದು ನೋಡದೆ ಕೂತಿರುತ್ತಿದ್ದವು. ಬಸ್ಸಿನಲ್ಲಿ ಜನ ಅದರ ಬಗ್ಗೆ ಹೆಮ್ಮೆಯಿಂದಲೇ ಮಾತಾಡುತ್ತಿದ್ದರು. ನಮ್ಮಂಥ ಮೂಲೆಗೂ ಪ್ರಪಂಚ ಬಂತು ಎನ್ನುತ್ತಿದ್ದರು. ನಾನು ಅವರ ಮಾತಿಗೆ ತಲೆಯಾಡಿಸುತ್ತಿದ್ದೆ.

ನಮ್ಮ ಜಗಲಿ ಒಂದೇ ದಿನಕ್ಕೆ ಖಾಲಿಯಾಗಲಿಲ್ಲ. ಹೆಂಗಸರು ಮೊದಲು ನಿಂತರು, ಅವರವರ ಮನೆಯಲ್ಲಿ ಧಾರಾವಾಹಿ ಹಾಕಿಕೊಂಡೇ ರೊಟ್ಟಿ ಬಡಿಯಬಹುದಿತ್ತು. ಗಂಡಸರು ದೊಡ್ಡ ಆಟವಿದ್ದ ದಿನ ಮಾತ್ರ ಬಂದರು, ಆಮೇಲೆ ಅದೂ ಇಲ್ಲ. ಜತೆಗಾರನ ಮನೆಗೆ ಸೊಸೆಯ ಜೊತೆ ದೊಡ್ಡ ಟೀವಿಯೇ ಬಂತು. ಅವನು ಆ ಮೇಲೂ ಬಹಳ ದಿನ ಬರುತ್ತಿದ್ದ. ಮಂಡಿ ನೋವು ಹೆಚ್ಚಾದ ಮೇಲೆ ಏರು ಇಳಿಯುವುದು ಕಷ್ಟವಾಯಿತು. ಇನ್ನೊಬ್ಬರ ಮನೆಯಲ್ಲೂ ಕಾಣುವುದನ್ನು ನೋಡಲು ಯಾರು ಏರು ಇಳಿದು ಬರುತ್ತಾರೆ?

ಯಾರೂ ಕೆಟ್ಟವರಲ್ಲ. ಅದೇ ನನಗೆ ಸಿಟ್ಟು ಬರಿಸುವುದು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ನಮ್ಮ ಕಡೆ ಟೀವಿ ನೋಡಲು ಬರಿಗೈಯಲ್ಲಿ ಬರಬಹುದು, ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವಂತಿಲ್ಲ. ಹಣ್ಣೋ ಬಿಸ್ಕೀಟೋ ಒಯ್ಯಬೇಕು, ಮುಖ ಸಣ್ಣದು ಮಾಡಿಕೊಂಡು ಕೂರಬೇಕು, ಹೇಗಿದ್ದೀಯ ಎಂದು ಕೇಳಬೇಕು. ಜಗಲಿಯ ಬೈಠಕ್ಕು ನಿಂತ ಮೇಲೆ ಜನ ಹಾಗೆ ಬರತೊಡಗಿದರು. ಹಬ್ಬಕ್ಕೊಮ್ಮೆ, ಪೇಟೆಗೆ ಹೋಗಿ ಬರುವಾಗೊಮ್ಮೆ, ಕೈಯಲ್ಲಿ ಒಂದು ಪುಡಿಕೆ ಹಿಡಿದುಕೊಂಡು. ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ನಿನ್ನೆ ಮೊನ್ನೆಯವರೆಗೆ ಅವನ ಸೊಂಟಕ್ಕೆ ಕೈ ಹಾಕಿ ಹೊರಳಿಸಿದವರೇ ಅವರು. ಈಗ ಅವರು ನೆಂಟರು, ಇವನು ರೋಗಿ. ಬಿಸ್ಕೀಟು ತಂದವರಿಗೆ ನನ್ನ ಗಂಡನನ್ನು ಸ್ವಲ್ಪ ಹೊರಳಿಸಿ ಎಂದು ಅತ್ತಿಗೆ ಹೇಗೆ ಹೇಳುತ್ತಾಳೆ? ಅವರಾದರೂ ಕೇಳದೆ ಹೇಗೆ ಮುಟ್ಟುತ್ತಾರೆ? ಮನೆಯವರು ನೋಡಿಕೊಳ್ಳುತ್ತಿರಬೇಕು ಎಂದುಕೊಂಡು ಹೋಗುತ್ತಿದ್ದರು.

ಅತ್ತಿಗೆ ಒಬ್ಬಳೇ ಮಾಡಲು ಹೋಗಿ ರಟ್ಟೆ ಉಳುಕಿಸಿಕೊಂಡಳು. ಅಣ್ಣ ಅದನ್ನು ಕಂಡ ಮೇಲೆ ಅವಳನ್ನು ಹತ್ತಿರ ಬಿಡಲಿಲ್ಲ. "ಬಿಡು, ಈಗಷ್ಟೇ ಹೊರಳಿದೆ" ಎನ್ನುತ್ತಿದ್ದನಂತೆ. ತೋಳಿನ ಬಲದಿಂದ ಭುಜ ಮಾತ್ರ ತಿರುಗಿಸಿ, ಹೊರಳಿದವನಂತೆ ಕಾಣಿಸುತ್ತಿದ್ದ. ಸೊಂಟ ಇದ್ದಲ್ಲೇ ಇರುತ್ತಿತ್ತು. ಕೂಲಿಯವರನ್ನು ಗೊತ್ತು ಮಾಡೋಣ ಎಂದು ನಾನು ಹೇಳಿದರೆ, "ಬೇರೆಯವ್ರು ಬ್ಯಾಡ. ಸಂಜೆ ಯಾರಾದ್ರೂ ಬತ್ತಾರೆ ಬಿಡು" ಎನ್ನುತ್ತಿದ್ದ. ಸಂಜೆ ಮಂಚವನ್ನು ಬಾಗಿಲ ಕಡೆ ತಿರುಗಿಸಲು ಹೇಳುತ್ತಿದ್ದನಂತೆ. ದಾರಿಯಲ್ಲಿ ಯಾರಾದರೂ ಹೋಗುವುದು ಕಂಡರೆ ಟೀವಿಯ ಸದ್ದನ್ನು ಜೋರು ಮಾಡುತ್ತಿದ್ದನಂತೆ. ಇದನ್ನು ಅತ್ತಿಗೆ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಒಂದು ಭಾನುವಾರ ಅವನ ಹತ್ತಿರ ಕೂತಿದ್ದೆ. ಸುದ್ದಿಯಲ್ಲಿ ಯಾವುದೋ ದೂರದ ದೇಶದ ಯುದ್ಧ ತೋರಿಸುತ್ತಿದ್ದರು. ಬಾಂಬು ಬಿದ್ದು ಅರ್ಧಂಬರ್ಧ ಕುಸಿದ ಮನೆಗಳು, ಉಳಿದ ಗೋಡೆಗಳಲ್ಲಿ ನಮ್ಮಲ್ಲಿರುವಂಥದೇ ಡಿಶ್ಶುಗಳು. ಜನ ಕಲ್ಲು ಸರಿಸಿ ಯಾರನ್ನೋ ಎಳೆಯುತ್ತಿದ್ದರು. ಅಣ್ಣ ಟೀವಿಯ ಸದ್ದು ಕಡಿಮೆ ಮಾಡಿದ.

"ಅಲ್ಲೂ ಮನೆಮನೆಗೆ ಹಾಕ್ಸ್‌ಕೊಂಡಾರೆ ನೋಡು ತಂಗಿ" ಎಂದ. "ಮನೆ ಬಿದ್ದ ಮೇಲೇ ಕಾಣ್ತದೆ, ಒಬ್ರ ಹತ್ರ ಒಬ್ರು ಬಂದದ್ದು."

ನನಗೆ ಅಳು ಬಂತು. ಅವನಿಗೆ ಕಾಣದ ಹಾಗೆ ಅಡಿಗೆ ಮನೆಗೆ ಹೋದೆ. ಜಗಲಿಗೆ ಜನ ಬರಬೇಕೆಂದು ಅವನು ಬಾಯಿಬಿಟ್ಟು ಹೇಳಲೇ ಇಲ್ಲ, ಅದಕ್ಕೆ ತೀರ ಹತ್ತಿರ ಬಂದ ಮಾತು ಎಂದರೆ ನನಗೆ ನೆನಪಿರುವುದು ಇದೊಂದೇ.

ಪರೀಕ್ಷೆಯ ಕೆಲಸದಿಂದ ಒಂದೆರಡು ವಾರ ಬರಲಾಗಲಿಲ್ಲ. ಆಮೇಲೆ ಬಂದ ಶನಿವಾರ ಜಗಲಿ ಹತ್ತುವಾಗಲೇ ಊದಿನಕಡ್ಡಿಯ ವಾಸನೆ. ಹಬ್ಬವಿಲ್ಲ, ವಾರವಲ್ಲ, ಬಿಸಿಲು ಇಳಿಯದ ಹೊತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಅಣ್ಣ ಎಂದಿನಂತೆ ನಕ್ಕು, "ಬಂದ್ಯಾ? ಬಸ್ ಸಿಕ್ತಾ?" ಎಂದ. ಹಣೆ ಮುಟ್ಟಿದರೆ ಸುಡುತ್ತಿತ್ತು. ನಾನು ಹೊದಿಕೆಗೆ ಕೈ ಹಾಕಿದೆ. ಅವನು ಗಟ್ಟಿಯಾಗಿ ಹಿಡಿದುಕೊಂಡ. ಜೀವಮಾನದಲ್ಲಿ ಮೊದಲ ಸಲ ನಾನು ಅಣ್ಣನ ಕೈ ಕಿತ್ತು ಎಸೆದೆ.

ಸೊಂಟದ ಬಲಗಡೆ ನನ್ನ ಅಂಗೈಯಷ್ಟು ಅಗಲ ಕಪ್ಪಾಗಿ ಒಳಕ್ಕೆ ಇಳಿದಿತ್ತು. ಅದಕ್ಕಿಂತ ಹೆಚ್ಚು ಬರೆಯಲಾರೆ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನೀ ಬೇಜಾರು ಮಾಡ್ಕೋತೀಯ ಅಂತ ಹೇಳೂಕೆ ಬಿಡ್ಲಿಲ್ಲ" ಎಂದಳು. ಅರಿಶಿನ, ಕೊಬ್ಬರಿ ಎಣ್ಣೆ, ಅಂಗಡಿಯ ಮುಲಾಮು ಎಲ್ಲ ಹಚ್ಚಿದ್ದಳು. ನೋವೇ ಗೊತ್ತಾಗದವನು ಎಷ್ಟು ದಿನ ಬೇಕಾದರೂ ನಗುತ್ತಿರಬಲ್ಲ.

ಸಿದ್ದಾಪುರದವರು ನೋಡಿ ಶಿರಸಿಗೆ ಕಳಿಸಿದರು. ಅಲ್ಲಿಯ ಡಾಕ್ಟರಿಗೆ ನನ್ನ ಅರ್ಧ ವಯಸ್ಸು. ಗಾಯ ಬಿಚ್ಚಿ ನೋಡಿ, "ಮೊದಲು ಯಾರು ಹೊರಳಿಸ್ತಿದ್ರು? ಹಳೇ ಚರ್ಮ ಚೆನ್ನಾಗೇ ಇದೆ. ಇದೆಲ್ಲ ಈಚೆಗಿಂದು" ಎಂದು ಕೇಳಿದರು. ಕೇರಿಯವರು ಎಂದೆ. ಈಗ ಅವರೆಲ್ಲ ಎಲ್ಲಿ ಹೋದರು ಎಂದರು. ಎಲ್ಲೂ ಹೋಗಿಲ್ಲ, ಮನೆಯಲ್ಲೇ ಇದ್ದಾರೆ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ ಚೀಟಿ ಬರೆಯಲು ತೊಡಗಿದರು.

ಒಂದು ಕಡೆ ಮಾಯುವುದರೊಳಗೆ ಇನ್ನೊಂದು ಕಡೆ ಹತ್ತಿಕೊಂಡಿತು. ಎಡಕ್ಕೆ, ಆಮೇಲೆ ಬೆನ್ನಿನ ಬುಡಕ್ಕೆ. ಮನೆಗೆ ತಂದ ಮೇಲೆ ಸುದ್ದಿ ಹರಡಿತು, ಕೇರಿಯವರೆಲ್ಲ ಮತ್ತೆ ಬಂದರು. ಈ ಸಲ ಬರಿಗೈಯಲ್ಲೇ ಬಂದರು. ಜತೆಗಾರ ಕೋಲೂರಿಕೊಂಡು ಬಂದು, ಸರದಿ ಹಾಕಿಕೊಳ್ಳೋಣ, ಹಗಲು ಇಬ್ಬರು ಸಂಜೆ ಇಬ್ಬರು ಎಂದ. ಅವನ ಕಣ್ಣಲ್ಲಿ ನೀರಿತ್ತು. "ಒಂದು ಮಾತು ಕೂಗಿದ್ರೆ ಸಾಕಿತ್ತಲ್ಲ" ಎಂದು ಅತ್ತಿಗೆಗೆ ಹೇಳಿದ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು, ಅವನ ಕಾಲು ಹಿಡಿಯಬೇಕು ಎಂದೂ ಎನಿಸಿತು.

ಆದರೆ ಆ ಹೊತ್ತಿಗೆ ಹೊಟ್ಟೆಯ ಮೇಲೆ ಮಲಗಿಸುವುದೊಂದೇ ಉಳಿದಿತ್ತು. ಹಾಗೆ ಮಲಗಿದರೆ ಟೀವಿ ಕಾಣುವುದಿಲ್ಲ. ಮುಖ ಗೋಡೆಯ ಕಡೆ ಇರುತ್ತಿತ್ತು. ನಾನು ಆರಿಸಲು ಹೋದರೆ, "ಇರ್ಲಿ, ಮಾತು ಕೇಳ್ತಾ ಇರ್ತದೆ" ಎಂದ. ಜಾಹೀರಾತು ಬಂದಾಗ ಸದ್ದು ಜೋರಾಗುತ್ತಿತ್ತು. ಬಂದವರು ಅಭ್ಯಾಸಬಲದಿಂದ ಕೂತಲ್ಲಿಂದ ಅರ್ಧ ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು.

ಸೋನೆ ಮಳೆಯ ಒಂದು ಮಧ್ಯಾಹ್ನ ಅಣ್ಣ ಹೋದ. ಜ್ವರ ಇಳಿದಿರಲೇ ಇಲ್ಲ, ಊಟ ಬಿಟ್ಟು ಬಹಳ ದಿನವಾಗಿತ್ತು. ಎತ್ತುವ ಹೊತ್ತಿಗೆ ಜಗಲಿ ತುಂಬ ಜನ, ಜಾಗ ಸಾಲದೆ ಅಂಗಳದಲ್ಲೂ ನಿಂತಿದ್ದರು. ಕಂಬಳಿಯ ಅಂಚು ಹಿಡಿಯಲು ಹಳೆಯ ಅಭ್ಯಾಸದವರೇ ಮುಂದೆ ಬಂದರು. ಭಾರ ನೆನಪಿದ್ದದ್ದರಿಂದ ಎಲ್ಲರೂ ಕಾಲು ಊರಿಕೊಂಡು ಉಸಿರು ಬಿಗಿಹಿಡಿದು ಎತ್ತಿದರು. ಕಂಬಳಿ ಸರ್ರನೆ ಮೇಲೆ ಬಂದು ಎಲ್ಲರೂ ಒಮ್ಮೆ ತಡವರಿಸಿದರು.

"ಎಷ್ಟು ಹಗುರ ಆಗಿಬಿಟ್ಟಾನೆ ಮಾರಾಯಾ" ಎಂದ ಜತೆಗಾರ ಮೆಲ್ಲಗೆ, ಪಕ್ಕದವನಿಗೆ.

ಗೋಡೆಗೊರಗಿ ಕೂತಿದ್ದ ಅತ್ತಿಗೆ ತಲೆ ಎತ್ತಿದಳು.

"ಹೌದು" ಎಂದಳು. "ಈಚೀಚೆಗೆ ನಾನೊಬ್ಳೇ ಹೊರಳಿಸ್ತಿದ್ದೆ. ಯಾರೂ ಬೇಕಾಗ್ತಿರ್ಲಿಲ್ಲ. ಆದ್ರೆ ಮಲಗ್ಸೂಕೆ ಒಂದು ಮಗ್ಗಲೂ ಉಳಿದಿರ್ಲಿಲ್ಲ."